ಗುಹೆಯಲ್ಲೊಬ್ಬ ಸ್ಟೋರ್‌ಕೀಪರ್

“ಈ ಆಟದಲ್ಲಿ ನಿನ್ನ ತಮ್ಮನ ಸೊಕ್ಕು ಮುರೀದಿದ್ರೆ ನಾನು ಮೀಸೆ ಬೋಳಿಸ್ಕೋತೀನಿ!”

ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮುಂದೆ ಎದ್ದು ನಿಂತು ಹೀಗೆ ಗುಡುಗಿದೆ.

“ಇದ್ರೆ ತಾನೇ ಬೋಳಿಸೋಕೆ?” ಎಂದಳು ಹೆಂಡತಿ, ತಟ್ಟೆ ಎತ್ತುತ್ತಾ.

ವಿಷಯ ಇಷ್ಟೇ. ಮನೆಮಂದಿಯೆಲ್ಲ ಸೇರಿ ಆನ್‌ಲೈನಿನಲ್ಲಿ ಆಡುವ ಆಟವೊಂದಿದೆ. ಪೂರ್ತಿ ಪುಕ್ಕಟೆ! ವೀರರ ವೇಷ ತೊಟ್ಟು ಗುಹೆ ಹೊಕ್ಕು, ಅಡ್ಡ ಬರುವ ರಾಕ್ಷಸರನ್ನು ಸೋಲಿಸಿ, ಕೊನೆಯಲ್ಲಿರುವ ಗಂಟೆ ಬಾರಿಸಬೇಕು. ಅದೇ ಹೊತ್ತಿಗೆ ಪಕ್ಕದ ಗುಹೆಯಲ್ಲಿ ಇನ್ನೊಂದು ಕುಟುಂಬ ಓಡುತ್ತಿರುತ್ತದೆ. ಮೊದಲು ಬಾರಿಸಿದವರು ಗೆದ್ದಂತೆ. ಮಕ್ಕಳು ಹೆದರಬಾರದೆಂದು ರಕ್ತಗಿಕ್ತ ಏನೂ ಇಲ್ಲ. ಏಟು ತಿಂದ ರಾಕ್ಷಸ ಜೋರಾಗಿ ಸೀನಿ ಮಾಯವಾಗುತ್ತಾನೆ. ಶಕ್ತಿ ಮುಗಿದ ವೀರ ಬಿದ್ದಲ್ಲೇ ಗೊರಕೆ ಹೊಡೆಯುತ್ತಾನೆ. ಎಂಥ ಸಭ್ಯ ಯುದ್ಧ!

ಈ ಸಭ್ಯ ಯುದ್ಧದಲ್ಲಿ ನನ್ನ ಹೆಂಡತಿ, ಮಗಳು ಇಬ್ಬರೂ ನನ್ನ ಭಾವಮೈದುನನ ಕುಟುಂಬಕ್ಕೆ ವಾರವಾರವೂ ಸೋಲುತ್ತಿದ್ದರು. ಅವರು ಮೂವರು, ಇವರು ಇಬ್ಬರೇ. ಸೋತ ಮರುದಿನ ಶಾಲೆಯ ಬಸ್ಸಿನಲ್ಲಿ ಅವನ ಮಗ ನನ್ನ ಮಗಳ ಕಿವಿಯ ಹತ್ತಿರ ಬಂದು ಗೊರಕೆ ಹೊಡೆದು ತೋರಿಸುತ್ತಾನಂತೆ. ಬಸ್ಸೇ ಬೇಡ ಎಂದು ಅಳುವವರೆಗೆ ಬಂದಿತ್ತು ಇವಳ ಪಾಡು.

“ಅಪ್ಪಾ, ಒಂದ್ಸಲ, ಒಂದೇ ಒಂದ್ಸಲ ಗೆಲ್ಬೇಕು. ನೀನೂ ಬಾ” ಎಂದಳು. ಬಂದೆ!

ನನಗೆ ಒಪ್ಪಿಸಿದ್ದು ಔಷಧಿಯ ಚೀಲ. ಸುಸ್ತಾದವರಿಗೆ ಶಕ್ತಿಯ ಹಸಿರು ಸೀಸೆ ಕೊಡುತ್ತಾ ಹೋಗುವುದು. ಯೋಗ್ಯ ಮನುಷ್ಯನಿಗೆ ಯೋಗ್ಯ ಹುದ್ದೆ! ಏಕೆಂದರೆ ನಾನು ಕಾರ್ಖಾನೆಯೊಂದರ ಸ್ಟೋರ್‌ಕೀಪರ್. ಸಹಿ ಇರುವ ಚೀಟಿ ಇಲ್ಲದೆ ನನ್ನ ಸ್ಟೋರಿನಿಂದ ಒಂದು ಮೊಳೆಯೂ ಹೊರಬಿದ್ದಿಲ್ಲ. ಒಮ್ಮೆ ಮ್ಯಾನೇಜರ್ ಸಾಹೇಬರೇ ಚೀಟಿಯಿಲ್ಲದೆ ಬಲ್ಬು ಕೇಳಿ, ಕೊನೆಗೆ ಟಾರ್ಚ್ ಹಿಡಿದು ಮೀಟಿಂಗ್ ಮುಗಿಸಿದ್ದರು.

ಹೆಂಡತಿ ಬಿಲ್ಲು ಹಿಡಿದಳು, ಮಗಳು ಕತ್ತಿ ಹಿರಿದಳು. ಸೋಫಾದ ಮೇಲೆ ಸಾಲಾಗಿ ಕೂತು, ಕೈಯಲ್ಲೊಂದೊಂದು ಫೋನ್ ಹಿಡಿದು ಗುಹೆಗೆ ನುಗ್ಗಿದೆವು. ಅವರಿಬ್ಬರೂ ಮುಂದೆ ರಾಕ್ಷಸರನ್ನು ಸೀನಿಸುತ್ತಿದ್ದರೆ, ನಾನು ಹಿಂದಿನಿಂದ ನೆಲದಲ್ಲಿ ಸಿಕ್ಕಿದ್ದನ್ನೆಲ್ಲ ಚೀಲಕ್ಕೆ ತುಂಬಿದೆ. ಸೀಸೆ, ಕಲ್ಲು, ಮುರಿದ ಗುರಾಣಿ, ಯಾರದೋ ಒಂಟಿ ಬೂಟು! ಮುಂದೆ ಬೇಕಾದೀತು!

“ರೀ, ಒಂದು ಸೀಸೆ ಕೊಡಿ, ಸುಸ್ತಾಗ್ತಿದೆ!”

“ಇನ್ನೂ ಅರ್ಧ ಶಕ್ತಿ ಇದೆಯಲ್ಲ! ಈಗ್ಲೇ ಕೊಟ್ರೆ ಆಮೇಲೆ ಕೊರತೆ ಬೀಳುತ್ತೆ.”

“ರೀ, ಮೇಲೆ ಬೀಳ್ತಿದಾನೆ ಅವನು!”

“ಅಪ್ಪಾ, ಅಮ್ಮಂಗೆ ಬೇಗ ಕೊಡು!”

“ಕೊಡ್ತೀನಮ್ಮಾ. ಏನು ಬೇಕು, ಯಾತಕ್ಕೆ ಬೇಕು ಅಂತ ಕೆಳಗೆ ಟೈಪ್ ಮಾಡ್ಲಿ, ಸಾಕು. ಪದ್ಧತಿ ಅಂತ ಒಂದಿರುತ್ತೆ.”

“ಬಿಲ್ಲು ಹಿಡ್ಕೊಂಡು ಟೈಪ್ ಏನು ಮೂಗಲ್ಲಿ ಮಾಡ್ಲಾ?”

ಮಾಡಿದಳು ಪಾಪ! ಬಿಲ್ಲು ಬಿಟ್ಟು, “ಸೀಸೆ. ಬದುಕೋಕೆ” ಎಂದು ಟೈಪ್ ಮಾಡಿದಳು. ಅಷ್ಟರಲ್ಲಿ ರಾಕ್ಷಸ ತಲೆಯ ಮೇಲೊಂದು ಬಿಟ್ಟ. ಅವಳ ಫೋನಿನಿಂದ ಗೊರಕೆ ಶುರುವಾಯಿತು. ಪಕ್ಕದಲ್ಲಿ ಎಚ್ಚರವಾಗಿಯೇ ಇದ್ದ ಹೆಂಡತಿ ನನ್ನನ್ನು ನೋಡಿದ ನೋಟ ಮಾತ್ರ ಸಭ್ಯವಾಗಿರಲಿಲ್ಲ.

ಇನ್ನು ಉಳಿದವಳು ಮಗಳೊಬ್ಬಳೇ. ಗಂಟೆ ಕಣ್ಣೆದುರೇ ಇದೆ, ಮುಂದೆ ಕೊನೆಯ ರಾಕ್ಷಸ!

“ಅಪ್ಪಾ, ಸೀಸೆ!”

ಈ ಸಲ ನಾನು ಪದ್ಧತಿ ಗಿದ್ಧತಿ ಎಲ್ಲ ಗಾಳಿಗೆ ತೂರಿ ಚೀಲಕ್ಕೆ ಕೈ ಹಾಕಿದೆ. ಕಲ್ಲು ಬಂತು. ಗುರಾಣಿ ಬಂತು. ಗಾಬರಿಯಲ್ಲಿ ಕೈಗೆ ಸಿಕ್ಕಿದ್ದನ್ನು ಅವಳಿಗೆ ಕೊಟ್ಟೇಬಿಟ್ಟೆ. ಬೂಟು! ಪಕ್ಕದ ಗುಹೆಯಲ್ಲಿ ಗಂಟೆ ಢಣ್ ಎಂದಿತು.

ಚೀಲದಲ್ಲಿ ಉಳಿದ ಸೀಸೆಗಳೆಲ್ಲ ತೆರೆಯ ಮೇಲೆ ಸಾಲುಗಟ್ಟಿ ನಿಂತವು.

“ನೋಡಿದ್ರಾ, ಒಂದೂ ದಂಡವಾಗಿಲ್ಲ!” ಎಂದೆ. ಅಭ್ಯಾಸಬಲ!

ಮಗಳು ಫೋನ್ ಕೆಳಗಿಟ್ಟು ಎದ್ದಳು. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಧಡಾರನೆ ಬಡಿದಿದ್ದರೆ ನಾನೂ ನಾಲ್ಕು ಮಾತು ಬೈದು ಹಗುರಾಗುತ್ತಿದ್ದೆ. ಮೆಲ್ಲಗೆ ಮುಚ್ಚಿದಳು. ನನಗೆ ನಿಜಕ್ಕೂ ಸಂಕಟವಾಯಿತು.

ಮುಂದಿನ ಭಾನುವಾರ ಎಲ್ಲರಿಗಿಂತ ಮೊದಲೇ ಸೋಫಾದಲ್ಲಿ ಹಾಜರಾದೆ. ಕೇಳುವ ಮೊದಲೇ ಸೀಸೆ ಸುರಿಯುವುದೆಂದು ನಿರ್ಧಾರವಾಗಿತ್ತು.

“ಅಪ್ಪಾ, ನೀನು ಬೇಡ” ಎಂದಳು ಮಗಳು, ನೆಲ ನೋಡುತ್ತಾ. “ನಿನ್ನ ಜಾಗಕ್ಕೆ ಕತ್ತೆ ಬಂದಿದೆ.”

“ಕತ್ತೇನಾ?!”

“ಹೋದ ವಾರ ಅಷ್ಟು ಕೆಟ್ಟದಾಗಿ ಸೋತ್ವಲ್ಲ, ಸಮಾಧಾನಕ್ಕೆ ಅಂತ ಆಟದವರೇ ಕೊಟ್ರು. ಚೀಲ ಹೊರುತ್ತೆ.”

“ಕೇಳಿದ ತಕ್ಷಣ ಕೊಡುತ್ತೆ, ಯಾಕೆ ಅಂತ ಕೇಳಲ್ಲ” ಎಂದು ಹೆಂಡತಿ ಸೇರಿಸಿದಳು.

ಕತ್ತೆಗೊಂದು ಹೆಸರಿಡಿ ಎಂದಿತು ಆಟ. ಮಗಳು ನನ್ನ ಮುಖ ನೋಡಿದಳು. ಆಮೇಲೆ ‘ಅಪ್ಪ’ ಎಂದು ಟೈಪ್ ಮಾಡಿದಳು.

“ಏನೇ ಇದು, ಅಧಿಕಪ್ರಸಂಗ!”

“ಗೆದ್ರೆ ನಿನ್ನ ಹೆಸರೂ ಬರ್ಲಿ ಅಂತ, ಅಪ್ಪಾ.”

ಸಿಟ್ಟು ಮಾಡಿಕೊಳ್ಳಲೋ ಕಣ್ಣೊರೆಸಿಕೊಳ್ಳಲೋ ತಿಳಿಯದೆ ಸೋಫಾದ ತುದಿಗೆ ಸರಿದು ಕೂತೆ.

ಗೆದ್ದರು! ಮಗಳು ಸೋಫಾದ ಮೇಲೆ ಹತ್ತಿ ಕುಣಿದು, ನನ್ನ ಕೊರಳಿಗೆ ಜೋತುಬಿದ್ದಳು. ನಾಳೆ ಬಸ್ಸಿಗೆ ಎಲ್ಲರಿಗಿಂತ ಮೊದಲು ಹತ್ತುವವಳು ತಾನೇ ಎಂದಳು. ಎರಡೂ ಕುಟುಂಬದ ಫೋನುಗಳಲ್ಲಿ ಗೆದ್ದವರ ಹೆಸರು ಮೂಡಿತು. ಬರೀ ಹೆಸರು, ಯಾರಿಗೆ ಎಷ್ಟು ಕಾಲು ಎಂಬ ವಿವರ ಇಲ್ಲ.

ನನ್ನ ಫೋನ್ ರಿಂಗಾಯಿತು. ಭಾವಮೈದುನ!

“ಭಾವಾ, ಹೋದ ವಾರ ನಿಮ್ಮ ಆಟದ ಬಗ್ಗೆ ಅಕ್ಕ ಹೇಳಿದ್ದು ಕೇಳಿ ಬಿದ್ದು ಬಿದ್ದು ನಕ್ಕಿದ್ದೆ. ಒಂದೇ ವಾರದಲ್ಲಿ ಎಷ್ಟು ಬುದ್ಧಿ ಬಂದಿದೆ ನಿಮಗೆ!”

ಹೆಂಡತಿ, ಮಗಳು ಇಬ್ಬರೂ ಉಸಿರು ಬಿಗಿಹಿಡಿದು ನನ್ನನ್ನೇ ನೋಡುತ್ತಿದ್ದರು. ನಾನು ಗಂಟಲು ಸರಿಮಾಡಿಕೊಂಡು, ಕತ್ತೆಯ ಪರವಾಗಿ ವಂದನೆ ಹೇಳಿ ಫೋನ್ ಇಟ್ಟೆ.