ಹಿಮದ ಗುರುತಿನ ಟೈರು

ಬಸವಕುಮಾರ ತನ್ನ ಎಲೆಕ್ಟ್ರಿಕ್ ಕಾರಿಗೆ ಯಾರನ್ನೂ ಕೇಳದೆ ಹೊಸ ಟೈರು ಹಾಕಿಸಿದ. ಆ ದಿನದ ಅನಾಹುತಕ್ಕೆಲ್ಲ ಅದೇ ಮೂಲ.

ಬೆಂಗಳೂರಿನ ಶ್ರೀಗಂಧದ ಕಾವಲಿನ ಅವನ ರಸ್ತೆಯಲ್ಲಿ ಯಾರನ್ನೂ ಕೇಳದೆ ಒಂದು ಪೊರಕೆ ಕೊಂಡರೂ ಸುದ್ದಿಯಾಗುತ್ತದೆ. ಹೋದ ವರ್ಷ ಅವನು ನೀರು ಶುದ್ಧ ಮಾಡುವ ಮಷೀನು ತಂದಾಗ, ಬಡಾವಣೆ ಸಂಘದ ಅಧ್ಯಕ್ಷ ಉಗ್ರಪ್ಪನವರು ಅದರ ಮುಂದೆ ಸ್ಟೂಲು ಹಾಕಿಕೊಂಡು ಕೂತು, ಎರಡು ಲೋಟ ಕುಡಿದು, "ಮೋಸ ಹೋದ್ರಿ" ಎಂದು ತೀರ್ಪು ಕೊಟ್ಟಿದ್ದರು. ಅಲ್ಲಿಂದಾಚೆ ಬಸವಕುಮಾರನ ಮನೆಗೆ ದಾರಿ ಕೇಳಿದವರಿಗೆಲ್ಲ, "ಮಷೀನ್ ತಗೊಂಡು ಮೋಸ ಹೋದ್ರಲ್ಲ, ಅವರ ಮನೇನಾ?" ಎಂಬ ಮರುಪ್ರಶ್ನೆಯೇ ಸಿಗುತ್ತಿತ್ತು.

ಅದಕ್ಕೇ ಈ ಸಲ ಗುಟ್ಟಾಗಿ ಓದಿಕೊಂಡ. ಬ್ಯಾಟರಿಯ ಭಾರಕ್ಕೆ ಎಲೆಕ್ಟ್ರಿಕ್ ಕಾರಿನ ಟೈರು ಬೇಗ ಸವೆಯುತ್ತದೆ. ಭಾರ ತಾಳುವಂಥದ್ದೇ ಬೇಕು. ಇಂಜಿನ್ನಿನ ಸದ್ದು ಇರುವುದಿಲ್ಲವಾದ್ದರಿಂದ ಟೈರಿನ ಗೊರಗೊರ ನೇರ ಕಿವಿಗೇ ಬರುತ್ತದೆ. ಹಿಮದ ಟೈರು ಬೇರೆ, ಬೇಸಿಗೆಯ ಟೈರು ಬೇರೆ, ಎಲ್ಲ ಕಾಲದ ಟೈರು ಬೇರೆ. ಹೆಣ್ಣು ನೋಡಲು ಹೋದಾಗಲೂ ಅವನು ಇಷ್ಟು ವಿಚಾರಿಸಿರಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ಆಫೀಸಿಗೆ ಅರ್ಧ ದಿನ ರಜ ಹಾಕಿ ರಾಜಾಜಿನಗರಕ್ಕೆ ಹೋಗಿ, "ಆಲ್ ಸೀಸನ್ನು ಸಾರ್, ಮಳೆಗೂ ಸೈ ಬಿಸಿಲಿಗೂ ಸೈ" ಎಂದು ಅಂಗಡಿಯವನು ಕೊಟ್ಟ ನಾಲ್ಕು ಟೈರು ಹಾಕಿಸಿಕೊಂಡು, ಹೊಸ ಚಪ್ಪಲಿ ಮೆಟ್ಟಿದ ಮಗುವಿನ ಹಾಗೆ ಬೀಗುತ್ತ ಮನೆಗೆ ಬಂದ.

ಗೇಟಿನ ಮುಂದೆಯೇ ಉಗ್ರಪ್ಪ ನಿಂತಿದ್ದರು. ಅವರದೂ ಅದೇ ಕಾರು, ಅದೇ ಬಣ್ಣ. ಬಸವಕುಮಾರ ಕೊಂಡ ಮುಂದಿನ ವಾರವೇ ಕೊಂಡಿದ್ದರು. ನಾಲಿಗೆ ಚಾಚಿಸಿ ನೋಡುವ ಡಾಕ್ಟರಂತೆ ಬಗ್ಗಿ, ಮುಂದಿನ ಚಕ್ರದ ಮೇಲೆ ಬೆರಳಿಟ್ಟರು.

"ಏನ್ರೀ ಇದು, ಬೆಟ್ಟ?"

ಟೈರಿನ ಪಕ್ಕೆಯಲ್ಲಿ ಮೂರು ಶಿಖರದ ಪುಟ್ಟ ಬೆಟ್ಟವಿತ್ತು. ಬೆಟ್ಟದೊಳಗೆ ಹೂವಿನಂಥದ್ದೇನೋ. ಉಗ್ರಪ್ಪ ಫೋನಿನಲ್ಲಿ ಅದರ ಫೋಟೋ ತೆಗೆದು, ಹುಡುಕಿ, ಕನ್ನಡಕ ಹಣೆಗೇರಿಸಿದರು.

"ಹಿಮದ ಗುರ್ತಂತೆ ಕಣ್ರೀ. ಹಿಮ ಬಿದ್ದಿರೋ ಕಡೆ ಓಡಿಸೋಕೆ. ಶ್ರೀಗಂಧದ ಕಾವಲಿಗೆ ಹಿಮದ ಟೈರು ಹಾಕ್ಸಿದೀರಾ?"

ಬಸವಕುಮಾರನ ಹುಮ್ಮಸ್ಸೆಲ್ಲ ಪಂಕ್ಚರ್ ಆಯಿತು. ಅಂಗಡಿಯವನು ಟೈರು ಅದಲುಬದಲು ಮಾಡಿದ್ದಾನೆ, ಸಂಶಯವಿಲ್ಲ. ಇನ್ನು ಸಾಯುವವರೆಗೂ ತಾನು 'ಹಿಮದ ಬಸವಕುಮಾರ'. ಮೆದುಳಿಗಿಂತ ಮೊದಲು ನಾಲಿಗೆ ಓಡಿತು.

"ಗೊತ್ತಿದ್ದೇ ಹಾಕ್ಸಿದ್ದು ಸಾರ್. ಕಾಶ್ಮೀರಕ್ಕೆ ಹೋಗ್ತಾ ಇದೀವಿ."

"ಕಾರಲ್ಲಿ?"

"ಕಾರಲ್ಲೇ."

"ಯಾವಾಗ?"

"ನಾಳೆ ಬೆಳಿಗ್ಗೆ."

ನಾಳೆ ಎಂದು ಯಾಕೆ ಹೇಳಿದೆನೋ ಅವನಿಗೇ ತಿಳಿಯಲಿಲ್ಲ. ಜಾರಿದ ನಾಲಿಗೆಗೆ ಬ್ರೇಕು ಹಿಡಿಯುವುದಿಲ್ಲ.

ಕಾರು ನಿಲ್ಲಿಸಿ, ಕಾಲು ತೊಳೆದು ಒಳಗೆ ಬರುವಷ್ಟರಲ್ಲಿ ಉಗ್ರಪ್ಪನವರಿಂದ ಸುದ್ದಿ ಹಬ್ಬಿ, ಎದುರುಮನೆಯ ಸತ್ಯವತಿ ಆಂಟಿ ನಡುಮನೆಯಲ್ಲಿ ಕೂತಿದ್ದರು. ತೊಡೆಯ ಮೇಲೆ ಎರಡು ಕೈಯಲ್ಲೂ ತಬ್ಬಿ ಹಿಡಿಯುವಷ್ಟು ದೊಡ್ಡ ಉಪ್ಪಿನಕಾಯಿ ಜಾಡಿ.

"ನಮ್ಮಕ್ಕನ ಮಗ ಮಿಲಿಟ್ರೀಲಿ ಅಲ್ಲೇ ಇದಾನೆ ಕಣಪ್ಪ. ಅವನಿಗೆ ಇದನ್ನ ತಲುಪಿಸಿಬಿಡು."

"ಅಲ್ಲೇ ಅಂದ್ರೆ ಎಲ್ಲಿ ಆಂಟಿ?"

"ಶ್ರೀನಗರ."

ಬಸವಕುಮಾರನಿಗೆ ಹೋದ ಜೀವ ಬಂದಂತಾಯಿತು. "ಇಲ್ಲೇ ಬೆಂಗ್ಳೂರಲ್ಲಿ, ಗಿರಿನಗರದ ಪಕ್ಕ ತಾನೇ? ಸಂಜೆಗೇ ಕೊಟ್ಟು ಬರ್ತೀನಿ."

"ಆ ಶ್ರೀನಗರ ಅಲ್ಲಪ್ಪ. ನೀನು ಹೋಗ್ತಿರೋ ಶ್ರೀನಗರ."

ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಚೈತನ್ಯಾ ನಿಂತಿದ್ದಳು. ಕಣ್ಣಲ್ಲಿ ನೀರು. ಈರುಳ್ಳಿಯದಿರಬಹುದು ಎಂದು ಅವನು ಆಸೆಪಟ್ಟ. ಅವಳ ಕೈಯಲ್ಲಿ ಈರುಳ್ಳಿ ಇರಲಿಲ್ಲ.

"ಯಾಕ್ರೀ ಮುಚ್ಚಿಟ್ರಿ? ನನಗೆ ಸರ್‌ಪ್ರೈಸ್ ಅಂತಾನಾ? ಮದುವೆ ಆದಾಗಿನಿಂದ ನೀವು ನನ್ನನ್ನ ಮಾಗಡಿ ದಾಟಿ ಕರ್ಕೊಂಡು ಹೋಗಿಲ್ಲ ಅಂತ ನಿನ್ನೆ ತಾನೇ ತಂಗಿ ಹತ್ರ ಹೇಳ್ಕೊಂಡು ಅತ್ತಿದ್ದೆ. ಈಗ ಅವಳಿಗೆ ಫೋನ್ ಮಾಡಿ ಹೇಳಿದೆ. ಅವಳು ಫೋನೇ ಇಟ್ಬಿಟ್ಲು."

ನಿಶ್ಚಿತಾರ್ಥದ ದಿನ ಬಿಟ್ಟರೆ ಅವಳು ಅವನನ್ನು ಹಾಗೆ ನೋಡಿದ್ದೇ ಇಲ್ಲ. ಸುಳ್ಳು ಹೇಳಿದೆ ಎನ್ನಲು ಬಾಯಿ ತೆರೆದ. ಆ ಮುಖ ನೋಡಿ ಬಾಯಿ ಬೇರೆಯೇ ಹೇಳಿತು: "ಹೌದು ಕಣೇ, ಸರ್‌ಪ್ರೈಸು."

ಒಳಕೋಣೆಯಿಂದ ಮಾವ ಶಿವಬಸಪ್ಪನವರು ಬಂದರು. ಏಪ್ರಿಲ್ ತಿಂಗಳ ಸೆಖೆಯಲ್ಲಿ ಮಂಕಿ ಕ್ಯಾಪು ತೊಟ್ಟಿದ್ದರು. ವಿಭೂತಿಯೆಲ್ಲ ಬೆವರಿನಲ್ಲಿ ಕರಗಿ ಮೂಗಿನವರೆಗೆ ಇಳಿದಿತ್ತು.

"ಅಳಿಯಂದ್ರೇ, ಕೇದಾರಾನೂ ಅದೇ ದಾರೀಲೇ ಅಲ್ವಾ?"

"ಅದು ಬೇರೆ ಕಡೆ ಮಾವ."

"ಅದೂ ಉತ್ತರಾನೇ ತಾನೇ? ಹೋಗ್ತಾ ಆಗದಿದ್ರೆ ಬರ್ತಾ ಆಗ್ಲಿ. ನನಗೇನೂ ಅವಸರ ಇಲ್ಲ."

ಬಸವಕುಮಾರನಿಗೆ ಉಳಿದಿದ್ದ ಆಸೆ ಒಂದೇ. ವಿಜಯನಗರದ ಸಹಕಾರ ಸಂಘದಲ್ಲಿ ಅವನ ಮೇಲಧಿಕಾರಿಯಾದ ಮಾಲವಿಕಾ ಮೇಡಂ ರಜ ಕೊಡುವವರಲ್ಲ. ಅಪೆಂಡಿಕ್ಸ್ ಆಪರೇಷನ್ನಿಗೆ ರಜ ಕೇಳಿದವನಿಗೆ "ಭಾನುವಾರ ಮಾಡಲ್ವಂತಾ?" ಎಂದು ಕೇಳಿದ ಹೆಂಗಸು. ಅವರು ಆಗದು ಎಂದರೆ ತಾನು ಉಳಿದೆ, ತಪ್ಪೂ ತನ್ನದಲ್ಲ. ಕಾರಿನ ಕೀ ತೆಗೆದುಕೊಳ್ಳಲು ಹೋದರೆ ಚೈತನ್ಯಾ ತಡೆದಳು.

"ಸಂಜೆ ಪೂಜೆ ಇಟ್ಕೊಂಡಿದೀವಿ. ಅಲ್ಲಿವರೆಗೂ ಗಾಡಿ ಹೊರಗೆ ತೆಗೀಬೇಡಿ. ಬಸ್ಸಲ್ಲಿ ಹೋಗಿ."

ಬಸ್ಸಿನಲ್ಲಿ ನಿಂತು ಟೈರ್ ಅಂಗಡಿಗೆ ಮತ್ತೆ ಮತ್ತೆ ಫೋನು ಮಾಡಿದ. ಯಾರೂ ಎತ್ತಲಿಲ್ಲ. ಮೋಸ ಮಾಡಿದವನು ಯಾಕೆ ಎತ್ತಿಯಾನು ಎಂದುಕೊಂಡ.

ಮೇಡಂ ಅವನನ್ನು ನೋಡಿದ್ದೇ ಕುರ್ಚಿ ಬಿಟ್ಟು ಎದ್ದರು. ಅವರು ಯಾರಿಗೂ ಎದ್ದವರಲ್ಲ.

"ನಿಮ್ಮ ಮನೆಯವರು ಫೋನ್ ಮಾಡಿದ್ರು ಬಸವಕುಮಾರ್. ಹೇಳ್ತಾ ಹೇಳ್ತಾ ಅತ್ತುಬಿಟ್ರು. ನನಗೂ ತಡ್ಕೊಳ್ಳೋಕಾಗ್ಲಿಲ್ಲ. ಒಂದು ತಿಂಗಳು ರಜ ಬರೆದಿದೀನಿ."

"ಮೇಡಂ, ವರ್ಷದ ಲೆಕ್ಕ ಮುಗಿದಿಲ್ಲ. ಆಡಿಟ್‌ನವರು ಬರ್ತಾರೆ. ನನಗೆ ಮನಸ್ಸಾಕ್ಷಿ ಒಪ್ಪಲ್ಲ."

"ರೇವಂತ್ ನೋಡ್ಕೋತಾನೆ."

ಹೊಸದಾಗಿ ಸೇರಿದ್ದ ರೇವಂತ್ ಆಗಲೇ ಬಸವಕುಮಾರನ ಕುರ್ಚಿಯಲ್ಲಿ ಕೂತು, ಅದರ ಎತ್ತರವನ್ನೂ ತನಗೆ ಬೇಕಾದ ಹಾಗೆ ಇಳಿಸಿಕೊಂಡಿದ್ದ. "ಆರಾಮಾಗಿ ಹೋಗ್ಬನ್ನಿ ಸಾರ್. ಒಂದು ತಿಂಗಳು ಸಾಲದೆ ಹೋದ್ರೂ ಪರವಾಗಿಲ್ಲ" ಎಂದ.

ಹೊರಗೆ ಬಂದು ಬಸ್ ಸ್ಟಾಪಿನಲ್ಲಿ ಕುಸಿದು ಕೂತಾಗ ಫೋನು ಹೊಡೆದುಕೊಂಡಿತು. ಟೈರ್ ಅಂಗಡಿಯವನು.

"ಸಾರಿ ಸಾರ್, ಸಂಬಂಧಿಕರ ಗೃಹಪ್ರವೇಶ ಇತ್ತು. ಏನ್ ವಿಷ್ಯ?"

"ಏನ್ ವಿಷ್ಯನಾ? ಆಲ್ ಸೀಸನ್ ಕೇಳಿದ್ರೆ ಹಿಮದ ಟೈರು ಕೊಟ್ಟಿದೀರಲ್ರೀ. ಬೆಟ್ಟದ ಗುರ್ತಿದೆ ಅದರಲ್ಲಿ."

ಅಂಗಡಿಯವನು ನಕ್ಕ. "ಆಲ್ ಸೀಸನ್ನೇ ಸಾರ್ ಅದು. ಕೆಲವು ಕಂಪನಿಯವರದ್ದಕ್ಕೆ ಆ ಗುರ್ತು ಇರುತ್ತೆ. ಅಕಸ್ಮಾತ್ ಸ್ವಲ್ಪ ಹಿಮ ಇದ್ರೂ ನಡೆಯುತ್ತೆ ಅಂತ ಅಷ್ಟೇ. ಅಪ್ಪಟ ಹಿಮದ ಟೈರೇ ಬೇರೆ, ಮೆತ್ತಗಿರುತ್ತೆ. ನಮ್ಮ ಬಿಸಿಲಲ್ಲಿ ಓಡಿಸಿದ್ರೆ ಪೆನ್ಸಿಲ್ ಅಳ್ಸೋ ರಬ್ಬರ್ ಥರ ಸವೆದೋಗುತ್ತೆ. ಅದನ್ನ ಯಾರಾದ್ರೂ ಇಲ್ಲಿ ಹಾಕ್ಸ್ತಾರಾ? ನಿಮಗೆ ಕೊಟ್ಟಿರೋದು ಚಿನ್ನದಂಥ ಮಾಲು."

ಅಂದರೆ ತಾನು ಮೋಸ ಹೋಗಿರಲೇ ಇಲ್ಲ. ಇಡೀ ದಿನದ ಸುಳ್ಳು ಬೇಕೇ ಇರಲಿಲ್ಲ. ಬಸವಕುಮಾರ ಹಣೆ ಚಚ್ಚಿಕೊಳ್ಳಲು ಕೈ ಎತ್ತಿದ. ಕೈ ಅರ್ಧದಲ್ಲೇ ನಿಂತಿತು. ತಲೆಯೊಳಗೆ ದೀಪ ಹತ್ತಿತ್ತು. ಹಿಮದ ಟೈರು ಎಂದು ನಂಬಿ ಹಾಕಿಸಿದೆ, ನೋಡಿದರೆ ಅಲ್ಲವಂತೆ, ಇದರಲ್ಲಿ ಅಷ್ಟು ದೂರದ ಹಿಮದ ದಾರಿಗೆ ಸಂಸಾರ ಕರೆದೊಯ್ಯಲು ಧೈರ್ಯವಿಲ್ಲ. ಇಷ್ಟು ಹೇಳಿದರೆ ಸಾಕು. ಪ್ರಯಾಣ ನಿಲ್ಲುತ್ತದೆ, ಮಾನ ಉಳಿಯುತ್ತದೆ, ಚಿನ್ನದಂಥ ಟೈರೂ ಉಳಿಯುತ್ತದೆ. ಚೈತನ್ಯಾಳನ್ನು ಊಟಿಗಾದರೂ ಕರೆದುಕೊಂಡು ಹೋಗಬೇಕು ಎಂದು ನಿಜವಾಗಿಯೂ ತೀರ್ಮಾನಿಸಿದ.

ಸಂಜೆ ರಸ್ತೆ ತುಂಬ ಪ್ಲಾಸ್ಟಿಕ್ ಕುರ್ಚಿ. ಕಾರಿಗೆ ಸೇವಂತಿಗೆ ಹಾರ, ಚಕ್ರಗಳ ಕೆಳಗೆ ನಿಂಬೆಹಣ್ಣು. ಚೈತನ್ಯಾ ಹೊಸ ಸ್ವೆಟರ್ ತೊಟ್ಟು ಬೆವರುತ್ತ ಎಲ್ಲರಿಗೂ ಕೋಸಂಬರಿ ಹಂಚುತ್ತಿದ್ದಳು. ಬಸವಕುಮಾರ ಕಾರಿನ ಪಕ್ಕ ನಿಂತು ಗಂಟಲು ಸರಿಮಾಡಿಕೊಂಡ.

"ಒಂದು ಬೇಜಾರಿನ ಸುದ್ದಿ. ಈಗ ಟೈರ್ ಅಂಗಡಿಯವರ ಹತ್ರ ಮಾತಾಡ್ದೆ. ಇದು ಅಪ್ಪಟ ಹಿಮದ ಟೈರಲ್ವಂತೆ, ಆಲ್ ಸೀಸನ್ನಂತೆ. ಜಾಸ್ತಿ ಹಿಮ ಇದ್ರೆ ಜಾರುತ್ತೆ. ಮನೆಯವರನ್ನ ಕೂರಿಸ್ಕೊಂಡು ಅಂಥ ಕಡೆ ಹೋಗೋಕೆ ನನಗೆ ಮನಸ್ಸು ಬರ್ತಿಲ್ಲ. ಕಾಶ್ಮೀರ ಈ ವರ್ಷ ಬೇಡ."

ಚೈತನ್ಯಾ ಕೈಯಲ್ಲಿದ್ದ ತಟ್ಟೆ ಇಳಿಸಿದಳು. ಆಮೇಲೆ, ಅವನು ಎಣಿಸಿದಂತೆ ಅಳುವ ಬದಲು, ಅಪ್ಪನ ಕಡೆ ನೋಡಿ ನಕ್ಕಳು. ಶಿವಬಸಪ್ಪನವರು ಉಗ್ರಪ್ಪನವರ ಕಡೆ ನೋಡಿ ನಕ್ಕರು.

"ನಮಗೆ ಮಧ್ಯಾಹ್ನವೇ ಗೊತ್ತಾಯ್ತು ಕಣ್ರೀ," ಎಂದರು ಉಗ್ರಪ್ಪ. "ನೀವು ಆಫೀಸಿಗೆ ಹೋದ ಮೇಲೆ ಅನುಮಾನ ಬಂದು ಟೈರ್ ಮೇಲಿರೋದನ್ನೆಲ್ಲ ಕೂತು ಓದ್ದೆ. ಪಾಪ, ಮತ್ತೆ ಮೋಸ ಹೋಗಿದಾರಲ್ಲ ಅನ್ನಿಸ್ತು. ನಮ್ಮ ಷಡ್ಡಕನದು ಲಗ್ಗೆರೇಲಿ ಟೈರ್ ಗೋಡೌನು. ಯಾರೋ ಲಡಾಖಿಗೆ ಅಂತ ಹಿಮದ ಟೈರು ತರಿಸಿ, ಬಿಡಿಸ್ಕೊಳ್ಳದೆ ಹೋಗಿದ್ರಂತೆ. ದೇವರ ದಯೆ, ಸೈಜೂ ಕೂಡಿ ಬಂತು. ನಿಮ್ಮ ಮಾವನೋರು ಕೀ ಕೊಟ್ರು. ನಾಲ್ಕಕ್ಕೆ ನಾಲ್ಕೂ ಬದಲಾಯಿಸಿಬಿಟ್ವಿ."

ಬಸವಕುಮಾರ ಬಗ್ಗಿ ನೋಡಿದ. ಹಲಸಿನಕಾಯಿಯ ಸಿಪ್ಪೆಯಂತೆ ಮುಳ್ಳುಮುಳ್ಳಾದ ಟೈರು. ಬೆರಳಿನಿಂದ ಒತ್ತಿದ. ಮೆತ್ತಗಿತ್ತು.

"ವಾಪಸ್ ಕೊಡೋಕೆ..."

"ವಾಪಸ್ ತಗೊಳ್ಳಲ್ಲ. ನೀವು ಆ ಯೋಚ್ನೇನೇ ಬಿಡಿ, ಇನ್ನು ಹಿಮಾಲಯ ಹತ್ತಿಸಿದ್ರೂ ಜಾರಲ್ಲ."

"ನಾನು ಹಾಕ್ಸಿದ್ದ ಟೈರು?"

"ಅವು ಬೆಂಗ್ಳೂರಿಗೆ ಸರಿ. ಸುಮ್ನೆ ಯಾಕೆ ವೇಸ್ಟು ಅಂತ ನನ್ನ ಗಾಡಿಗೆ ಹಾಕ್ಸ್ಕೊಂಡೆ. ಎಷ್ಟು ನೈಸಾಗಿ ಓಡುತ್ತೆ ಅಂತೀರಾ, ಒಂಚೂರು ಸದ್ದಿಲ್ಲ." ಉಗ್ರಪ್ಪ ಆತ್ಮೀಯವಾಗಿ ಅವನ ಹೆಗಲ ಮೇಲೆ ಕೈಯಿಟ್ಟರು. "ನೀವೇನೂ ಹೆದರ್ಕೋಬೇಡಿ. ನಾಳೆ ಬೆಳಿಗ್ಗೆ ಊರಾಚೆ ನೆಲಮಂಗಲ ಟೋಲ್ ತನಕ ನಾನೂ ನಿಮ್ಮ ಹಿಂದೇನೇ ಬಂದು, ನೀವು ದಾಟಿದ್ದು ನೋಡ್ಕೊಂಡೇ ವಾಪಸ್ ಬರ್ತೀನಿ."