ಉಗ್ರಾಣದ ಪೆಟ್ಟಿಗೆಯ ನಾಲ್ಕನೇ ಡಿಸ್ಕು

ಹೆಂಡತಿಯ ತಮ್ಮ ನಾಲ್ಕು ಸಾಮಾನು ತಂದು ಮೂರರ ಲೆಕ್ಕ ಕೊಟ್ಟರೆ ಗಂಡನಾದವನು ಏನು ತಿಳಿಯಬೇಕು? ನೀವು ದೊಡ್ಡ ಮನಸ್ಸಿನವರು, "ಇರಲಿ ಬಿಡು" ಅನ್ನುತ್ತೀರಿ. ನಾನು ಗೋಕಾಕದಲ್ಲಿ ಬೆಲ್ಲದ ದಲಾಲಿ ಅಂಗಡಿ ಇಟ್ಟವನು. ಬೆಲ್ಲದ ಪೆಂಟಿಯನ್ನು ಒಡೆದು, ಮೂಸಿ, ನಾಲಿಗೆಗೆ ಹಚ್ಚಿ, ಅದಾದ ಮೇಲೂ ಒಂದಿಷ್ಟು ಅನುಮಾನ ಕೈಯಲ್ಲಿ ಉಳಿಸಿಕೊಳ್ಳುವವನು.

ಈ ಅನುಮಾನಕ್ಕೆ ಇತಿಹಾಸವಿದೆ. ನಮ್ಮ ಮನೆಯಾಕೆ ಲಕ್ಷ್ಮೀಬಾಯಿಯ ತವರು ಬೆಲ್ಲದ ಬಾಗೇವಾಡಿ. ಊರ ಹೆಸರಲ್ಲೇ ಬೆಲ್ಲ ಇದೆಯೆಂದು ನಂಬಿ ನಮ್ಮಪ್ಪ ಸಂಬಂಧ ಕೂಡಿಸಿದರು. ಮದುವೆಯಲ್ಲಿ ತಾಮ್ರದ ಹಂಡೆ ಬಂತು, ಅದರ ಮುಚ್ಚಳ ಬರಲಿಲ್ಲ. ಅಂದಿನಿಂದ ನಮ್ಮ ದಾಂಪತ್ಯದಲ್ಲಿ ಯಾವ ಜಗಳ ಎಲ್ಲಿಂದ ಹೊರಟರೂ ಕಡೆಗೆ ಬಂದು ನಿಲ್ಲುವ ಸ್ಟೇಶನ್ ಒಂದೇ: "ಮುಚ್ಚಳ ಎಲ್ಲಿ?"

ಲಕ್ಷ್ಮೀಬಾಯಿಯ ತಮ್ಮ ಅಭಿನಂದನ ಹುಕ್ಕೇರಿಯಲ್ಲಿ ಕಂಪ್ಯೂಟರ್ ಅಂಗಡಿ ಹಾಕಿದ್ದಾನೆ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರು ಕಡೆಯ ನನ್ನ ಅಂಗಡಿಗಳಲ್ಲಿ ಮೂರು ಹಳೆಯ ಕಂಪ್ಯೂಟರು ಸರದಿಯ ಮೇಲೆ ಕೆಡುತ್ತಿದ್ದ ಕಾಲ. ಒಂದು ದಿನ ಅಭಿನಂದನ ಬಂದು ಹೇಳಿದ (ದಾಜಿ ಅಂದರೆ ಅಕ್ಕನ ಗಂಡ, ನಾನು):

"ದಾಜಿ, ಮೂರು ಮಿಷನ್ ಯಾಕ? ಇಲ್ಲಿ ಒಂದ ಸರ್ವರ್ ಇಡೂಣು. ಅದರ ಹೊಟ್ಟಿಯೊಳಗ ಮೂರು ಕಂಪ್ಯೂಟರ್ ಇರ್ತಾವು. ಮೂಡಲಗಿಯವರು, ಹುಕ್ಕೇರಿಯವರು ಫೋನ್ ಲೈನ್ ಮ್ಯಾಲ ಇದಕ್ಕ ಕೂಡತಾರ."

"ಆ ಮೂರು ಕಣ್ಣಿಗೆ ಕಾಣ್ತಾವೇನು?"

"ಕಾಣೂದಿಲ್ರಿ. ವರ್ಚುವಲ್."

"ಕಾಣಲಾರದ್ದಕ್ಕ ನಾ ರೊಕ್ಕ ಕೊಡಾಂವ ಅಲ್ಲ."

"ಕಾಣಲಾರದ ಧೂಳಿಗೆ ನೀವು ರೈತರ ಕಡೆ ಸೂಟು ಹಿಡಿಯೂದಿಲ್ಲೇನ್ರಿ?" ಅಂದ.

(ಸೂಟು ಅಂದರೆ ಕೋಟು-ಸೂಟಲ್ಲ. ಮಾಲು ತೂಗಿದ ಮೇಲೆ ಸುತ್ತಿದ ಅರಿವೆ, ತೇವ, ಧೂಳು ಅಂತ ತೂಕದಲ್ಲಿ ಒಂದಿಷ್ಟು ಕಳೆಯುವುದು. ರೈತರು ಕೇಳಿದರೆ ನಾನು ನಯವಾಗಿ "ನಾ ಕಳಿಯೂದಿಲ್ಲಪಾ, ಕಂಪ್ಯೂಟರ ಕಳೀತೈತಿ" ಅನ್ನುತ್ತಿದ್ದೆ. ಈ ವಾಕ್ಯ ನೆನಪಿಡಿ. ನನಗೆ ಇದನ್ನು ಆಮೇಲೆ ಇಡೀ ಪೇಟೆ ನೆನಪಿಸಿತು.)

ಸರ್ವರ್ ಬಂತು. ಆದರೆ ಬೆಲ್ಲದ ಅಂಗಡಿಯಲ್ಲಿ ಯಾವ ಯಂತ್ರ ಇಟ್ಟರೂ ಮನುಷ್ಯರಿಗಿಂತ ಮೊದಲು ಇರುವೆಗಳು ಕೆಲಸಕ್ಕೆ ಹಾಜರು. ಔಷಧ ಹೊಡೆಯಲು ಲಕ್ಷ್ಮೀಬಾಯಿ ಬಿಡುವುದಿಲ್ಲ. ನಾವು ಜೈನರು, ಇರುವೆಯೂ ಜೀವವೇ. (ಸೂಟು ಹಿಡಿಯುವವನಿಗೆ ಅಷ್ಟಾದರೂ ಧರ್ಮ ಬೇಡವೇ?) ಅಭಿನಂದನ ಉಪಾಯ ಹೇಳಿದ. ಸರ್ವರ್ ಕೆಳಗೆ ಅಂಗಡಿಯಲ್ಲೇ ಇರಲಿ, ಕೆಟ್ಟರೆ ಬೇರೆ ತರಬಹುದು. ಲೆಕ್ಕಪತ್ರವೆಲ್ಲ ಬೇರೊಂದು ಪೆಟ್ಟಿಗೆಯಲ್ಲಿ, ಮೇಲೆ ಮನೆಯ ಉಗ್ರಾಣದಲ್ಲಿ ಭದ್ರವಾಗಿರಲಿ. ನಡುವೆ ಒಂದು ನೀಲಿ ವಾಯರು.

ಹೀಗೆ ಆ ಕರಿ ಪೆಟ್ಟಿಗೆ ಜೋಳದ ಡಬ್ಬಿಗೂ ಉಪ್ಪಿನಕಾಯಿ ಭರಣಿಗೂ ನಡುವೆ ಪ್ರತಿಷ್ಠಾಪನೆಗೊಂಡಿತು. ವಾಯರು ಅಡಿಗೆಮನೆಯ ಕಿಟಕಿಯಿಂದ ಇಳಿದು ಅಂಗಡಿಗೆ ಬಂತು. ಜೋಡಿಸುವಾಗ ಅಭಿನಂದನ ಒಂದು ಗುಟ್ಟಿನ ಶಬ್ದ ಸರ್ವರಿಗೆ ಕೊಟ್ಟ, ಇನ್ನೊಂದು ಪೆಟ್ಟಿಗೆಗೆ.

"ಎರಡು ಯಾಕ?" ಅಂದೆ.

"ಸರ್ವರ್ ಬಂದು ಬಾಗಲಾ ಬಡದ್ರ ಪೆಟ್ಟಿಗಿ 'ನೀ ಯಾರು?' ಅಂತ ಕೇಳತೈತ್ರಿ. ಸರ್ವರೂ ತಿರುಗಿ 'ನೀನರ ಖರೇನ ಅದ ಪೆಟ್ಟಿಗೇನು?' ಅಂತ ಕೇಳತೈತಿ. ಇಬ್ಬರಿಗೂ ಖಾತ್ರಿ ಆದಮ್ಯಾಲನ ಮಾತು."

ನನಗೆ ಎದೆ ತುಂಬಿ ಬಂತು. ನಮ್ಮ ಮನೆತನಕ್ಕೆ ಹೊಂದುವ ಯಂತ್ರವೊಂದು ಜಗತ್ತಿನಲ್ಲಿ ಹುಟ್ಟಿದೆಯಲ್ಲ!

ಈ ಪ್ರೇಮ ಬಾಳಿದ್ದು ಚಹಾ ಕುಡಿಯುವವರೆಗೆ. ಪೆಟ್ಟಿಗೆಯೊಳಗೆ ಲೆಕ್ಕ ಹಿಡಿದಿಡುವ ಒಂದೊಂದು ಡಿಸ್ಕಿನ ಡಬ್ಬಿಯ ಮೇಲೆ ಐದುನೂರು ಜೀಬಿ ಅಂತ ಅಚ್ಚಾಗಿತ್ತು, ತೆರೆಯ ಮೇಲೆ ನಾನೂರ ಅರವತ್ತೈದು ಕಾಣಿಸುತ್ತಿತ್ತು.

"ಇದೇನಪಾ, ತೂಕದಾಗ ಹೊಡದಾರ?"

"ಇಲ್ರಿ ದಾಜಿ. ಕಂಪನಿ ಎಣಿಸೂ ರೀತಿ ಬ್ಯಾರೆ, ಮಿಷನ್ ಎಣಿಸೂ ರೀತಿ ಬ್ಯಾರೆ. ಎಲ್ಲಾ ಕಡೆ ಹಿಂಗ."

ಅಂದರೆ ಕಂಪನಿಯವರಿಗೂ ಸೂಟು ಗೊತ್ತು! ವೃತ್ತಿಬಾಂಧವರೆಂದು ಕ್ಷಮಿಸಿದೆ. ಆದರೆ ಮುಂದಿನದನ್ನು ಹೇಗೆ ಕ್ಷಮಿಸಲಿ? ಪೆಟ್ಟಿಗೆಯಲ್ಲಿ ನಾಲ್ಕು ಡಿಸ್ಕು ಹಾಕಿದ್ದ, ಒಟ್ಟು ಜಾಗ ಮೂರರಷ್ಟೇ ಇತ್ತು.

"ನಾಲ್ಕನೇದು ಎಲ್ಲಿ ಹೋತು?"

"ಎಲ್ಲೂ ಹೋಗಿಲ್ರಿ. ನಾಕರಾಗ ಯಾವ ಒಂದು ಕೆಟ್ಟರೂ ಉಳದ ಮೂರು ಕೂಡಿ ಅದರ ಲೆಕ್ಕ ಹೊಳ್ಳಿ ತಗೀತಾವು. ಅದಕ್ಕ ಒಂದರಷ್ಟು ಜಾಗಾ ಭದ್ರತಿಗೆ ಬಿಡಬೇಕು."

ಅವನು ಬೈಕ್ ಹತ್ತಿ ಹುಕ್ಕೇರಿಗೆ ಹೋದ. ನಾನು ಲಕ್ಷ್ಮೀಬಾಯಿಯ ಕಡೆ ತಿರುಗಿದೆ. "ನಿನ್ನ ತಮ್ಮ ಒಂದು ಖೊಟ್ಟಿ ಡಿಸ್ಕು ಸೇರಿಸ್ಯಾನ. ದೀಪಾ ಅಷ್ಟ ಹತ್ತತೈತಿ, ಒಳಗ ಏನೂ ಇಲ್ಲ. ಹಂಡೆ ಕೊಟ್ಟು ಮುಚ್ಚಳ ಇಟಗೊಂಡ ಮಂದಿ!"

ಆಕೆ ಲಟ್ಟಣಿಗೆ ಕೆಳಗಿಟ್ಟಳು. ಇದು ಒಳ್ಳೆಯ ಶಕುನವಲ್ಲ.

"ಏನ್ರಿ, ಒಂದು ಕರಾರು ಆಗಲಿ. ಆ ಡಿಸ್ಕು ಖೊಟ್ಟಿ ಇದ್ರ ನನ್ನ ತವರವರು ಮುಚ್ಚಳ ಕದ್ದಾರ ಅಂತ ನಾನ ಊರಾಗ ಹೇಳ್ತೀನಿ. ಖರೆ ಇದ್ರ ಇನ್ನ ಮ್ಯಾಲ ನೀವು ಮುಚ್ಚಳದ ಮಾತು ಎತ್ತಬಾರದು. ಸಾಯೂಮಟಾ!"

ಯೋಚಿಸಿ. ಮುಚ್ಚಳ ಹೋದರೆ ಗಂಡನಾದ ನನ್ನ ಬಳಿ ಉಳಿಯುವ ಅಸ್ತ್ರ ಯಾವುದು? ಆದರೂ ಒಪ್ಪಿದೆ. ಏಕೆಂದರೆ ಪರೀಕ್ಷೆ ನನಗೆ ಗೊತ್ತಿತ್ತು.

ಸಂತೆಯ ದಿನ ಮಧ್ಯಾಹ್ನ ಕೆಳಗೆ ತೂಕ ಭರದಿಂದ ನಡೆದಿತ್ತು. ನಾನು ಮೆಲ್ಲಗೆ ಉಗ್ರಾಣಕ್ಕೆ ಹೋಗಿ ನಾಲ್ಕನೇ ಡಿಸ್ಕಿನ ಹಿಡಿಕೆ ಒತ್ತಿ ಎಳೆದೆ. ಅದು ಡ್ರಾವರಿನಂತೆ ಕೈಗೆ ಬಂತು. ಕಿಟಕಿಯಿಂದ ಕಿವಿಗೊಟ್ಟೆ. ಕೆಳಗೆ ಪ್ರಿಂಟರು ಕಿರ್ರ್ ಕಿರ್ರ್ ಅಂತ ಪಟ್ಟಿ ಹೊಡೆಯುತ್ತಲೇ ಇತ್ತು.

"ಲಕ್ಷ್ಮೀ! ಬಾ ಇಲ್ಲೆ! ತಗದೀನಿ, ಆದರೂ ನಡದೈತಿ! ಖೊಟ್ಟಿ!"

ಆಕೆ ಬಂದು ಪೆಟ್ಟಿಗೆಯ ಕಡೆ ನೋಡಿದಳು. ಒಂದು ದೀಪ ಕೆಂಪಗಾಗಿತ್ತು. "ಅದು ಕುಂಯ್ ಕುಂಯ್ ಅನ್ನಾಕತ್ತೈತಿ."

"ಕಳ್ಳ ಸಿಕ್ಕಾಗ ಚೀರತಾನ."

"ಅಭೀ ಹೇಳಿದ್ದೂ ಅದನ ಅಲ್ಲೇನ್ರಿ? ಒಂದು ಹೋದ್ರ ನಡೀತೈತಿ ಅಂತ?"

ಹೆಂಗಸರಿಗೆ ವ್ಯಾಪಾರ ತಿಳಿಯುವುದಿಲ್ಲ ಎಂದು ಮನಸ್ಸಿನಲ್ಲೇ ಮರುಗಿದೆ. (ಮನಸ್ಸಿನಲ್ಲೇ. ಲಟ್ಟಣಿಗೆ ಆಗ ಆಕೆಯ ಕೈಯಲ್ಲಿತ್ತು.) ಇಲ್ಲಿಗೇ ನಿಲ್ಲಿಸಿದ್ದರೆ ನಾನು ಬದುಕುತ್ತಿದ್ದೆ. ಆದರೆ ನಮ್ಮ ಪೇಟೆಯಲ್ಲಿ ಒಂದು ರೂಢಿ ಉಂಟು: ಒಂದು ಪೆಂಟಿ ಒಳಗೆ ಕೆಟ್ಟದ್ದೆಂದು ಕಂಡರೆ ಬಾಜೂದನ್ನೂ ಒಡೆದು ನೋಡಬೇಕು. ಒಂದು ಖೊಟ್ಟಿ ಕೊಟ್ಟವನು ಒಂದಕ್ಕೇ ನಿಲ್ಲಿಸುತ್ತಾನೆಯೇ?

ಬಾಜೂದನ್ನೂ ಎಳೆದೆ.

ಕೆಳಗೆ ಪ್ರಿಂಟರು ನಿಂತಿತು. ಆಹಾ, ಎಂಥ ಶಾಂತಿ! ಗುಹೆಯೊಳಗಿನ ಮುನಿಗಳಿಗೂ ಸಿಕ್ಕಿರಲಾರದು. ಮರುಗಳಿಗೆ ಫೋನ್ ಬಂತು. ಮೂಡಲಗಿ ಅಂಗಡಿ ನೋಡಿಕೊಳ್ಳುವ ಉದ್ದಪ್ಪ:

"ಸಾವಕಾರ್ರ, ನಮ್ಮ ಕಂಪ್ಯೂಟರ್ ಕಣ್ಣು ಮುಚ್ಚೇತ್ರಿ!"

ಹುಕ್ಕೇರಿಯಿಂದಲೂ ಅದೇ ಅಳು. ಕಾಣದಿದ್ದ ಮೂರೂ ಕಂಪ್ಯೂಟರುಗಳು ಸತ್ತಾಗ ಮಾತ್ರ ಎಷ್ಟು ಚೆನ್ನಾಗಿ ಕಂಡವು! ಎರಡೂ ಡಿಸ್ಕನ್ನು ಮತ್ತೆ ಒಳಗೆ ತುರುಕಿದೆ. ಪೆಟ್ಟಿಗೆ ನನ್ನನ್ನು ಗುರುತಿಸಲಿಲ್ಲ. ಅನುಮಾನದಲ್ಲಿ ಅದು ನನಗಿಂತ ದೊಡ್ಡ ಕುಳ.

ಕೆಳಗೆ ಇಳಿದರೆ ಬೆಲ್ಲ ತಂದಿದ್ದ ಕೊಣ್ಣೂರಿನ ರೈತ ಮಾಳಪ್ಪ ಟ್ರ್ಯಾಕ್ಟರಿಗೆ ಒರಗಿ ನಿಂತಿದ್ದ. ಅವನ ಹಿಂದೆ ಇಡೀ ಸಂತೆ.

"ತೂಕ ಬರಸೀದಿವಿ, ಪಟ್ಟಿ ಬರೂದರಾಗ ಮಿಷನ್ ಸತ್ತೈತಿ. ರೇಟು ಏರಿದ ದಿನಾನ ಸಾಯಬೇಕಿತ್ತೇನ್ರಿ ಸಾವಕಾರ್ರ?"

"ಮಾಳಪ್ಪಾ, ನನ್ನ ಮ್ಯಾಲ ಸಂಶೆ ಪಡತೀಯೇನು?"

"ಛೇ ಛೇ! ನಿಮ್ಮ ಕೈಲೆನ ಕಲ್ತದ್ದರಿ. ಮತ್ತೊಮ್ಮಿ ತೂಗೂಣು, ಎಲ್ಲಾರ ಮುಂದ."

ಮತ್ತೆ ತೂಗಿದ್ದಾಯಿತು. ನಾನು ರೂಢಿಯಂತೆ ಪೆನ್ನು ಎತ್ತಿ ಸೂಟು ಕಳೆಯಲು ಹೋದೆ. ಮಾಳಪ್ಪ ನನ್ನ ಕೈ ಹಿಡಿದ.

"ಸೂಟು ಕಂಪ್ಯೂಟರ ಕಳೀತೈತಿ ಅಂತಿದ್ರಿ. ಈಗ ಕಂಪ್ಯೂಟರ ಇಲ್ಲ. ಅದು ಎದ್ದಮ್ಯಾಲ ಕಳಕೊಳ್ಳಲಿ, ಪಾಪ."

ಸಂತೆಯೆಲ್ಲ ನಕ್ಕಿತು. ಅಂದು ಗೋಕಾಕದಲ್ಲಿ ಬೆಲ್ಲ ಅದು ಇದ್ದಷ್ಟೇ ತೂಗಿತು.

ಅಭಿನಂದನ ಬಂದಾಗ ಹೊತ್ತು ಇಳಿದಿತ್ತು. ಉಗ್ರಾಣದಲ್ಲಿ ಕೂತು, ಪೆಟ್ಟಿಗೆಗೆ ಏನೇನೋ ಸಮಾಧಾನ ಹೇಳಿ, ಕಡೆಗೆ ಎದ್ದ.

"ಲೆಕ್ಕ ಎಲ್ಲಾ ಉಳದೈತ್ರಿ ದಾಜಿ, ನಾಕೂ ಡಿಸ್ಕಿನ್ಯಾಗ ಐತಿ. ಆದ್ರ ಇದು ತಾನಾಗಿ ಕೆಟ್ಟದ್ದಲ್ಲ, ಯಾರೋ ಎರಡೆರಡು ಎಳದಾರ. ಇರುವಿ ಏನ್ರಿ?"

"ಇರಬೇಕು," ಅಂದೆ.

"ದೊಡ್ಡ ಇರುವಿ," ಅಂದಳು ಲಕ್ಷ್ಮೀಬಾಯಿ.

ಲೆಕ್ಕ ಮರಳಿ ಬಂತು, ಸೂಟು ಮಾತ್ರ ಕೊಣ್ಣೂರಿನ ದಾರಿ ಹಿಡಿದು ಹೋಗಿಬಿಟ್ಟಿತ್ತು. ನನಗೋ ಹಸಿವು. ಹೊತ್ತು ಮುಳುಗಿದ ಮೇಲೆ ನಮ್ಮಲ್ಲಿ ಊಟವಿಲ್ಲ. ಸೂರ್ಯ ಆಗಲೇ ಎದುರುಮನೆಯ ಮಾಳಿಗೆ ಮುಟ್ಟಿದ್ದ. ಗಡಿಬಿಡಿಯಲ್ಲಿ ತಾಟಿನ ಮುಂದೆ ಕೂತೆ. ನನ್ನದು ಯಾವಾಗಲೂ ನಾಲ್ಕು ರೊಟ್ಟಿ, ಅಂದು ತಾಟಿನಲ್ಲಿದ್ದದ್ದು ಮೂರು.

ಮೂರೂ ಮುಗಿಸಿ ಕೇಳಿದೆ, "ನಾಲ್ಕನೇದು ಎಲ್ಲಿ?"

"ಎಲ್ಲೂ ಹೋಗಿಲ್ರಿ. ಬುಟ್ಟಿಯೊಳಗ ಐತಿ," ಅಂದಳು ಆಕೆ ಶಾಂತವಾಗಿ. "ಅದು ಭದ್ರತಿಗೆ."

ಬುಟ್ಟಿ ಕೈಗೆಟುಕುವಷ್ಟು ದೂರದಲ್ಲೇ ಇತ್ತು. ಅದರ ಮೇಲೆ ಒಂದು ಮುಚ್ಚಳ. ನಾನು ಬಾಯಿ ತೆರೆದೆ. ಆಕೆ ನನ್ನ ಮುಖ ನೋಡಿದಳು, ಅಭಿನಂದನನೂ ನೋಡಿದ. ಕರಾರು ನೆನಪಾಯಿತು, ಬಾಯಿ ಮುಚ್ಚಿಕೊಂಡೆ.

ಕಿಟಕಿಯಲ್ಲಿ ಹೊತ್ತು ಮುಳುಗಿತು.