ಗೌಜಲಕ್ಕಿಗಳನ್ನು ಸಾಣೆಗೆ ಕೊಟ್ಟ ಸಾಹೇಬರಿಗೆ

ಮಧುರೆ ಹೋಬಳಿ
ಏಪ್ರಿಲ್ ೧೯೭೨

ಹುಣಸೇಕಟ್ಟೆ ಪೊಲೀಸ್ ಠಾಣೆಯ ಸಬ್ ಇನ್ಸ್‌ಪೆಕ್ಟರ್ ಸಾಹೇಬರ ಸನ್ನಿಧಿಗೆ,

ಮಾನ್ಯರೇ,

ತಮ್ಮ ಟೋಪಿಯ ಬಿಲ್ಲೆ, ಬೆಲ್ಟಿನ ಹಿತ್ತಾಳೆ, ಬೂಟಿನ ಮೂತಿ ಎಲ್ಲವೂ ಎಂದಿನಂತೆ ಫಳಫಳ ಹೊಳೆಯುತ್ತಿವೆ ಎಂದು ಭಾವಿಸಿ, ಅಷ್ಟೇನೂ ಹೊಳಪಿಲ್ಲದ ಈ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಮಾಡುವ ನಮಸ್ಕಾರಗಳು. ತಮ್ಮ ಠಾಣೆ ನನಗೆ ಮಾಡಿದ ಉಪಕಾರವನ್ನು ನಾಲ್ಕು ಜನರ ಮುಂದೆ ಸ್ಮರಿಸದಿದ್ದರೆ ಕೃತಘ್ನನಾದೇನೆಂಬ ಭಯದಿಂದ ಈ ಪತ್ರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ನನ್ನಲ್ಲಿ ಲೈಸೆನ್ಸು ಸಮೇತ ಮೂರು ಹಳೆಯ ಜೋಡುನಳಿಗೆ ಬಂದೂಕುಗಳಿರುವುದು ತಮಗೆ ತಿಳಿದೇ ಇದೆ. ಇವುಗಳಿಂದ ನಾನು ಇದುವರೆಗೆ ಒಂದು ಕಾಗೆಯನ್ನೂ ಹೊಡೆದಿಲ್ಲ, ನೋಡುವುದಕ್ಕಾಗಿಯೇ ಇಟ್ಟುಕೊಂಡಿದ್ದೇನೆ. "ಗುಂಡೇ ಹಾರದ ಕೋವಿಗೆ ಎಣ್ಣೆ ಹಚ್ಚೋ ಬದ್ಲು ನನ್ನ ಹೊಲಿಗೆ ಮಿಷಿನ್ಗಾದ್ರೂ ಹಚ್ಚಿ" ಎಂದು ನನ್ನ ಪತ್ನಿ ಆದಿಲಕ್ಷ್ಮಮ್ಮ ಇಪ್ಪತ್ತು ವರ್ಷಗಳಿಂದ ಹೇಳುತ್ತಿದ್ದಾಳೆ. ಆದರೆ ಮೂರರಲ್ಲಿ ಒಂದಾದ, ಬೆಂಗಳೂರು ದಂಡಿನ ಹರಾಜೊಂದರಲ್ಲಿ ಸಿಕ್ಕ ವಿಲಾಯತಿ ಬಂದೂಕಿನ ಕುದುರೆಯ ಪಕ್ಕದ ಉಕ್ಕಿನ ತಗಡನ್ನು ಮೊದಲು ಕಂಡಾಗ ಅವಳೂ ಹೊಲಿಗೆ ಬಿಟ್ಟು ಎದ್ದು ಬಂದು ಬಗ್ಗಿ ನೋಡಿದ್ದಳು. ಎಡಗಡೆ ತಗಡಿನ ಮೇಲೆ ಬಳ್ಳಿ, ಬಳ್ಳಿಯ ನಡುವೆ ಉದ್ದ ಬಾಲದ ಇಂಗ್ಲಿಷ್ ಹಕ್ಕಿ, ಅದರ ಒಂದೊಂದು ಗರಿಯಲ್ಲೂ ಕೂದಲೆಳೆಯಂಥ ಗೆರೆ. ಬಲಗಡೆಯ ಕೆತ್ತನೆಯನ್ನು ಮಾತ್ರ ತುಕ್ಕು ತಿಂದುಹಾಕಿತ್ತು.

ಅದನ್ನು ದೊಡ್ಡಬಳ್ಳಾಪುರದ ಪೇಟೆಯಲ್ಲಿ ಪಾತ್ರೆಗಳ ಮೇಲೆ ಹೆಸರು ಕೊರೆಯುವ ಇಮಾಮ್ ಸಾಬರ ಬಳಿಗೆ ಒಯ್ದೆ. ಅವರು ತಗಡನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, "ಇಂಗ್ಲೆಂಡಿನ ಹಕ್ಕಿ ನಾನು ಕಂಡಿಲ್ಲ ಮೇಷ್ಟ್ರೇ, ನಮ್ಮ ಗೌಜಲಕ್ಕಿ ಹಾಕ್ತೀನಿ, ಆಗ್ಬೋದಾ?" ಎಂದರು. ಉಕ್ಕಿಗೆ ಸಾಲುವ ಉಳಿಗಳನ್ನು ತಾವೇ ಮಾಡಿಕೊಂಡು, ನಾಲ್ಕು ತಿಂಗಳು ಕೂತು ಎರಡು ಗೌಜಲಕ್ಕಿ ಕೆತ್ತಿದರು. ಒಂದು ರೆಕ್ಕೆ ಬಿಚ್ಚಿ ಏಳುತ್ತಿತ್ತು, ಇನ್ನೊಂದು ಕುಯ್ದ ರಾಗಿಯ ಕೂಳೆಯಲ್ಲಿ ಕತ್ತಷ್ಟೇ ಕಾಣುವಂತೆ ಅಡಗಿತ್ತು. ಮರುವರ್ಷ ಅವರ ಕಣ್ಣು ಹೋಯಿತು. ಅದಾದಮೇಲೆ ಉಳಿ ಹಿಡಿದವಳು ಅವರ ಮಗಳು ತಾಹಿರಾ.

ಈ ಸಲದ ಚುನಾವಣೆಗೆ ಮುನ್ನ ಬಂದೂಕುಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕೆಂಬ ತಮ್ಮ ಅಪ್ಪಣೆಯನ್ನು ತಲೆಯ ಮೇಲೆ ಹೊತ್ತು, ಮೂರನ್ನೂ ಹಳೆಯ ರೇಷ್ಮೆ ಸೀರೆಯಲ್ಲಿ ಸುತ್ತಿ ತಂದುಕೊಟ್ಟೆ. ಫಲಿತಾಂಶ ಬಂದಮೇಲೆ ತಿರುಗಿ ಪಡೆಯಲು ಹೋದಾಗ ಸೀರೆ ಇರಲಿಲ್ಲ, ಹೋಗಲಿ. ವಿಲಾಯತಿ ಬಂದೂಕಿನ ಬಲಗಡೆಯ ತಗಡು ಹೊಸ ತಟ್ಟೆಯಂತೆ ನುಣ್ಣಗಿತ್ತು. ನಾನು ಬಂದೂಕನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದಾಗ ದಫೇದಾರ್ ಮುನಿಶಾಮಪ್ಪನವರು ಬೆವರೊರೆಸಿಕೊಂಡು ವಿವರಿಸಿದರು: "ದೊಡ್ಡ ಸಾಹೇಬ್ರು ತಪಾಸಣೆಗೆ ಬರ್ತಾರೆ ಅಂದ್ರು ಸಾ. ಅದು ಮಕ್ಳು ಮೊಳೇಲಿ ಕೆರೆದಂಗಿತ್ತು. ಇಟ್ಟಿಗೆ ಪುಡೀಲಿ ತಿಕ್ದೆ, ಹೋಗ್ಲಿಲ್ಲ. ಆಮೇಲೆ ಎದುರುಗಡೆ ಸಾಣೆ ಚಕ್ರಕ್ಕೆ ಹಿಡಿಸ್ಬುಟ್ಟೆ." ಎಡಗಡೆಗೂ ಹಿಡಿಸುತ್ತಿದ್ದರಂತೆ, ಅಷ್ಟರಲ್ಲಿ ಜೀಪು ಬಂದುಬಿಟ್ಟಿತಂತೆ. ಆ ಜೀಪಿನ ಡ್ರೈವರಿಗೆ ನನ್ನ ಪ್ರತ್ಯೇಕ ವಂದನೆಗಳು.

ಆಗ ತಾವು ಒಳಗಿನಿಂದ ಬಂದು, ತಗಡಿನಲ್ಲಿ ಮೀಸೆ ನೋಡಿಕೊಂಡು, "ನಾನೇ ನಿಂತು ಮಾಡಿಸ್ದೆ ಮೇಷ್ಟ್ರೇ, ಹೆಂಗಿದೆ ನೋಡಿ!" ಎಂದಿರಿ. ನಾನು ಹಕ್ಕಿಗಳೆಲ್ಲಿ ಎಂದು ಕೇಳಿದ್ದಕ್ಕೆ, "ಹಕ್ಕಿ ಕಳೆದ್ರೆ ಅರಣ್ಯ ಇಲಾಖೆಗೆ ಹೋಗ್ರೀ" ಎಂದು ದಾರಿಯನ್ನೂ ತೋರಿಸಿದಿರಿ. ಸರ್ಕಾರದ ಇಲಾಖೆಗಳ ಬಗ್ಗೆ ತಮಗಿರುವ ತಿಳಿವಳಿಕೆ ಅಪಾರವಾದದ್ದು.

ಹೀಗಿದ್ದರೂ ಮಾನ್ಯರೇ, ತಮ್ಮ ಠಾಣೆಯ ಉಗ್ರಾಣದೊಳಗಿಂದಲೇ ಎರಡು ಹಕ್ಕಿಗಳು ಕಾಣೆಯಾಗಿರುವುದರಿಂದ, ಅವನ್ನು ಕಾಣೆಯಾದವರ ಪಟ್ಟಿಗೆ ಸೇರಿಸಿ, ಸಾಣೆಯವನ ಅಂಗಡಿಯ ನೆಲ ಗುಡಿಸಿ ಸಿಕ್ಕ ಉಕ್ಕಿನ ಪುಡಿಯನ್ನೆಲ್ಲ ಪಂಚನಾಮೆ ಮಾಡಿ, ಯಾವ ಕಣ ಯಾವ ಗರಿಯದೆಂದು ವಿಂಗಡಿಸಿ ಕಳಿಸಿಕೊಡಬೇಕಾಗಿ ವಿನಂತಿ. ದಫೇದಾರರಿಗೆ ಬಿಡುವಾದರೆ ಕುಂದಾಣದ ಕಡೆ ಕಳಿಸಿ. ಅಲ್ಲಿನ ವೀರಗಲ್ಲುಗಳ ಮೇಲೂ ಯಾರೋ ಹಿಂದಿನವರು ಬೇಕಾದಷ್ಟು ಗೀಚಿ ಹೋಗಿದ್ದಾರೆ.

ಮರುದಿನ ಇಮಾಮ್ ಸಾಬರ ಮನೆಗೆ ಹೋದೆ. ದಾರಿಯುದ್ದಕ್ಕೂ ಒಂದು ಸುಳ್ಳು ಕಟ್ಟಿಕೊಂಡಿದ್ದೆ, ಬಾಗಿಲಲ್ಲೇ ಅದು ಮರೆತುಹೋಯಿತು. ಅವರು ಬಂದೂಕನ್ನು ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳಿನಿಂದ ತಗಡನ್ನು ಸವರಿದರು. ಬೆರಳು ನಿಂತಿತು. ಮತ್ತೆ ಸವರಿದರು.

"ಯಾರು ತಿಕ್ಕಿದ್ದು?"

ಪೊಲೀಸಿನವರು ಎಂದೆ.

"ಕೈ ನೊಂದಿರುತ್ತೆ ಪಾಪ. ಆಳವಾಗಿ ಹಾಕಿದ್ದೆ ನಾನು."

ತಾಹಿರಾ ಅಳುತ್ತಾ ತಾನೇ ಮತ್ತೆ ಕೆತ್ತುತ್ತೇನೆಂದಳು. ಅವರು ಉಗುರಿನಿಂದ ತಗಡನ್ನು ತಟ್ಟಿ ಸದ್ದು ಕೇಳಿಸಿಕೊಂಡು ತಲೆಯಾಡಿಸಿದರು. "ಬೇಡ ಬೇಟಿ, ತೆಳ್ಳಗಾಗಿದೆ. ಹಕ್ಕಿ ಕೂತ್ರೆ ತೂತು ಬೀಳುತ್ತೆ. ಅಕ್ಷರ ಬೇಕಾದ್ರೆ ಹಿಡೀಬೋದು ಅಷ್ಟೇ."

ನಾನು ಬಂದೂಕನ್ನು ಎತ್ತಿಕೊಳ್ಳಲು ಹೋದಾಗ ಅವರ ಹೆಬ್ಬೆರಳು ಇನ್ನೂ ಅಲ್ಲೇ ಇತ್ತು. ಸಾಯಂಕಾಲದ ಕಡೇ ಬಸ್ಸಿನವರೆಗೂ ನಾನು ಬಂದೂಕನ್ನು ವಾಪಸು ಕೇಳಲಿಲ್ಲ.

ಇಷ್ಟನ್ನು ತಮ್ಮ ಗಮನಕ್ಕೆ ತಂದು, ತಮ್ಮ ಕೈಗೆ ಇನ್ನು ಮುಂದೆ ಬರೀ ನುಣುಪಾದ ವಸ್ತುಗಳೇ ಸಿಗಲೆಂದು ಹಾರೈಸುವ,

ತಮ್ಮ ವಿಶ್ವಾಸಿ,
ವೆಂಕಟರಾಯಪ್ಪ

ವಿ.ಸೂ.: ತಗಡು ಅಕ್ಷರವನ್ನಾದರೂ ಹಿಡಿಯುತ್ತದೆಂದು ತಿಳಿದಿದ್ದರಿಂದ, ಅದರ ಮೇಲೆ ತಮ್ಮ ಹೆಸರನ್ನೇ ಹಾಕಿಸುವುದೆಂದು ನಿಶ್ಚಯಿಸಿದ್ದೇನೆ. ನಾನೂರು ವರ್ಷವಾದರೂ ಅಳಿಯದಂತೆ ಕೊರೆಯುತ್ತೇನೆಂದು ತಾಹಿರಾ ಹೇಳಿದ್ದಾಳೆ. ಇನಿಷಿಯಲ್ಲು ಮಾತ್ರ ದಯವಿಟ್ಟು ಬಿಡಿಸಿ ಬರೆದು ಕಳಿಸಿ. ಮುಂದೆ ಯಾರಾದರೂ ಅದೇ ಹೆಸರಿನ ಬೇರೆಯವರನ್ನು ಬೈದಾರು.